ಹಿತ್ತಲ ಬಾಳೆಗೆ ಏನಾಗಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ನಮ್ಮ ಮನೆ ಹಿಂದೆ ಐದು ಬುಡ ಬಾಳೆ ಇದೆ. ಮೂರು ಏಲಕ್ಕಿ, ಎರಡು ಪಚ್ಚಬಾಳೆ. ಬೀದಿಯವರು, ನೆಂಟರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಗೆಳೆಯರು ಎಲೆಯ ಫೋಟೋ ಕಳಿಸಿ ಕೇಳುತ್ತಲೇ ಇರುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ನಮ್ಮದು ಬೋರ್‌ವೆಲ್ ನೀರಿನ, ಕೆಂಪು ಮಣ್ಣಿನ ಸೀಮೆ. ಹೊಳೆ ದಂಡೆಯ ಬಾಳೆಗೆ ಹೇಳುವ ಮಾತೆಲ್ಲ ಇಲ್ಲಿಗೆ ಹೊಂದುವುದಿಲ್ಲ.

ಎಲೆ ಹಳದಿ ಆಗ್ತಿದೆ. ಯಾವ ಔಷಧಿ ಹೊಡೀಲಿ?

ಈಗಲೇ ಏನೂ ಹೊಡೆಯಬೇಡಿ. ಮೊದಲು ಯಾವ ಎಲೆ ಹಳದಿ ಆಗಿದೆ ನೋಡಿ. ಕೆಳಗಿನ ಹಳೆ ಎಲೆಯೋ, ಸುಳಿಯಿಂದ ಈಗಷ್ಟೇ ಬಿಚ್ಚಿದ ಎಲೆಯೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸಾರಜನಕ, ಪೊಟ್ಯಾಶ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆ ಬಿದ್ದರೆ ಗಿಡ ಹಳೆ ಎಲೆಯಿಂದ ಎಳೆದು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಹಳದಿ ಕೆಳಗಿಂದ ಶುರುವಾಗುತ್ತದೆ. ಕಬ್ಬಿಣ, ಬೋರಾನ್, ಸುಣ್ಣದಂಶ ಹಾಗೆ ಸುಲಭವಾಗಿ ಓಡಾಡುವುದಿಲ್ಲ. ಅವು ಸಾಲದಿದ್ದರೆ ಹೊಸ ಎಲೆಯೇ ಕೆಡುತ್ತದೆ. ಸತುವಿನ ಕೊರತೆಯೂ ಬಾಳೆಯಲ್ಲಿ ಹೊಸ ಎಲೆಯಲ್ಲೇ ಕಾಣುವುದು.

ತಿಂಗಳಿಗೆ ಒಂದೆರಡು ಹಳೆ ಎಲೆ ಒಣಗಿ ಜೋತುಬಿದ್ದರೆ ಗಾಬರಿ ಬೇಡ. ಅದರ ಆಯಸ್ಸು ಮುಗಿಯಿತು, ಅಷ್ಟೇ. ಮೇಲೆ ಎಂಟು ಹತ್ತು ಹಸಿರು ಎಲೆ ನಿಂತಿದ್ದರೆ ಗಿಡ ಚೆನ್ನಾಗಿದೆ.

ಹಳೆ ಎಲೆಯ ಅಂಚು ಸುಟ್ಟ ಹಾಗೆ ಒಣಗ್ತಿದೆ. ಬಿಸಿಲಿಗಾ?

ಬರೀ ಬಿಸಿಲಿಗೆ ಹೀಗಾಗುವುದು ಕಡಿಮೆ. ಎರಡು ಕಾರಣ ಇರಬಹುದು.

ಒಂದು, ಪೊಟ್ಯಾಶ್ ಕೊರತೆ. ಹಳೆ ಎಲೆಯ ತುದಿ, ಅಂಚು ಕಿತ್ತಳೆ ಕಲೆಸಿದ ಹಳದಿಗೆ ತಿರುಗಿ, ಒಣಗಿ, ಎಲೆ ಒಳಕ್ಕೆ ಮುದುರುತ್ತದೆ. ಬಾಳೆ ಎಲ್ಲಕ್ಕಿಂತ ಜಾಸ್ತಿ ಬೇಡುವುದು ಪೊಟ್ಯಾಶನ್ನೇ. ಬರೀ ಯೂರಿಯಾ, ಬರೀ ಸಗಣಿ ಗೊಬ್ಬರ ಹಾಕುವ ಹಿತ್ತಲಲ್ಲಿ ಗಿಡ ದಪ್ಪಗೆ ಹಸಿರಾಗಿ ಬೆಳೆದು, ಗೊನೆ ಹಾಕುವ ಹೊತ್ತಿಗೆ ಸೋಲುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಶ್ ಬುಡಕ್ಕೆ 100 ಗ್ರಾಂನಂತೆ ಮೂರು ಸಲ ಕೊಡಿ. ಎರಡು ತಿಂಗಳ ಅಂತರ ಇರಲಿ. ಕಾಂಡಕ್ಕೆ ತಾಗಿಸದೆ ಒಂದೂವರೆ ಅಡಿ ದೂರದಲ್ಲಿ ಸುತ್ತ ಹಾಕಿ, ಮಣ್ಣು ಕೆದಕಿ, ನೀರು ಬಿಡಿ.

ಇನ್ನೊಂದು, ಉಪ್ಪು. ನಮ್ಮ ಜಿಲ್ಲೆಯಲ್ಲಿ ಇದೇ ಜಾಸ್ತಿ ಅಂತ ನನಗೆ ಅನಿಸುತ್ತದೆ. ಇಲ್ಲಿನ ನೀರಿನಲ್ಲಿ ಫ್ಲೋರೈಡ್ ಇದೆ ಅಂತ ಮನೆಮನೆಗೂ ಆರ್‌ಒ ಯಂತ್ರ ಬಂದಿದೆ. ಅದು ಹೊರಗೆ ಬಿಡುವ ನೀರನ್ನು ಚೆಲ್ಲೋಕೆ ಮನಸ್ಸು ಬರುವುದಿಲ್ಲ. ನೀರಿನ ಬೆಲೆ ಗೊತ್ತಿರೋ ಊರು ನಮ್ಮದು. ಪೈಪ್ ಎಳೆದು ಬಾಳೆ ಬುಡಕ್ಕೆ ಬಿಡುತ್ತೇವೆ. ನಾನೂ ಒಂದು ಬೇಸಿಗೆ ಪೂರ್ತಿ ಹಾಗೇ ಬಿಟ್ಟೆ. ಆದರೆ ಆ ನೀರಿನಲ್ಲಿ ಬೋರ್‌ವೆಲ್ ಉಪ್ಪೆಲ್ಲ ಇನ್ನಷ್ಟು ಗಟ್ಟಿಯಾಗಿ ಕೂಡಿರುತ್ತದೆ. ಏಪ್ರಿಲ್ ಹೊತ್ತಿಗೆ ಪಾತಿಯ ಮಣ್ಣಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಬಂತು. ಎಲೆ ಅಂಚೆಲ್ಲ ಕಾಗದ ಸುಟ್ಟ ಹಾಗಾಯಿತು. ಆ ನೀರು ನಿಲ್ಲಿಸಿದೆ. ಮುಂಗಾರಿನ ಎರಡು ಒಳ್ಳೆ ಮಳೆ ಬಿದ್ದ ಮೇಲೆ ಬಂದ ಎಲೆಗಳು ಸರಿಯಾಗಿದ್ದವು. ಮೊದಲೇ ಸುಟ್ಟ ಎಲೆ ಹಸಿರಾಗಲಿಲ್ಲ, ಆಗುವುದೂ ಇಲ್ಲ.

ಪೊಟ್ಯಾಶೋ ಉಪ್ಪೋ ಗೊತ್ತಾಗದಿದ್ದರೆ ಮಣ್ಣಿನ ಮೇಲ್ಮೈ ನೋಡಿ. ಬಿಳಿ ಹೊಪ್ಪಳೆ ಕಂಡರೆ ಗೊಬ್ಬರ ಹಾಕಬೇಡಿ. ಗೊಬ್ಬರವೂ ಉಪ್ಪೇ. ಸಿಹಿನೀರು ಅಥವಾ ಮಳೆನೀರು ಧಾರಾಳವಾಗಿ ಬಿಟ್ಟು ಉಪ್ಪನ್ನು ಕೆಳಕ್ಕೆ ಇಳಿಸಿ.

ಬಚ್ಚಲು ನೀರು ಬಿಡಬಹುದಾ? ಅಜ್ಜಿ ಕಾಲದಿಂದ ಬಿಟ್ಟಿದೀವಿ.

ಅಜ್ಜಿ ಕಾಲದ ಬಚ್ಚಲಿನಲ್ಲಿ ಸೀಗೆಪುಡಿ, ಕಡಲೆಹಿಟ್ಟು ಇತ್ತು. ಸ್ನಾನದ ನೀರು ಈಗಲೂ ತೊಂದರೆಯಿಲ್ಲ. ವಾಷಿಂಗ್ ಮೆಷಿನ್ ನೀರು ಮಾತ್ರ ಬೇಡ. ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತದೆ. ದಿನಾ ಬಿಟ್ಟರೆ ಮಣ್ಣು ಗಟ್ಟಿಯಾಗಿ ನೀರೇ ಇಂಗುವುದಿಲ್ಲ. ಬಚ್ಚಲ ಬಾಯಿಯಲ್ಲೇ ನೆಟ್ಟ ಬಾಳೆಗೆ ಇನ್ನೊಂದು ಕಷ್ಟ ಇದೆ. ಬುಡ ವರ್ಷವಿಡೀ ಕೆಸರಾಗಿರುತ್ತದೆ. ಬಾಳೆಗೆ ನೀರು ಬೇಕು, ನಿಂತ ನೀರು ಬೇಡ. ಒಂದು ಸಣ್ಣ ಕಾಲುವೆ ಮಾಡಿ ನೀರನ್ನು ಮೂರ್ನಾಲ್ಕು ಬುಡಕ್ಕೆ ಹಂಚಿ.

ಹೊಸ ಎಲೆಯೇ ಬಿಳಚಿಕೊಂಡು ಬರ್ತಿದೆ, ಹಳೇದೆಲ್ಲ ಹಸಿರಾಗಿದೆ.

ಎಲೆ ಪೂರ್ತಿ ನಿಂಬೆ ಬಣ್ಣಕ್ಕೋ ಬಿಳಿಗೋ ತಿರುಗಿದ್ದರೆ ಕಬ್ಬಿಣದ ಕೊರತೆ. ಎಲೆ ಕಿರಿದಾಗಿ, ಬಿಳಿ ಹಸಿರು ಪಟ್ಟೆ ಪಟ್ಟೆಯಾಗಿ, ಬಿಚ್ಚಿದ ಹೊಸದರಲ್ಲಿ ಕೆಳಭಾಗ ನೇರಳೆ ಛಾಯೆಯಿದ್ದರೆ ಸತು. ಮಣ್ಣಿನಲ್ಲಿ ಅವು ಇದ್ದರೂ, ಗಡಸು ನೀರು ಬಿಟ್ಟೂ ಬಿಟ್ಟೂ ಮಣ್ಣು ಕ್ಷಾರವಾಗಿರುತ್ತದೆ. ಬೇರಿಗೆ ಎಳೆದುಕೊಳ್ಳೋಕೆ ಆಗುವುದಿಲ್ಲ. ಹಾಗಾಗಿ ಬುಡಕ್ಕೆ ಸುರಿಯುವುದಕ್ಕಿಂತ ಎಲೆಗೆ ಸಿಂಪಡಿಸುವುದು ಮೇಲು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ 'ಅರ್ಕ ಬನಾನಾ ಸ್ಪೆಷಲ್' ಅನ್ನೋ ಪುಡಿ ಇದೆ. ಲೀಟರಿಗೆ 5 ಗ್ರಾಂ. 15 ಲೀಟರ್ ಕ್ಯಾನಿಗೆ 75 ಗ್ರಾಂ ಪುಡಿ, ಎರಡು ನಿಂಬೆಹಣ್ಣಿನ ರಸ, ಒಂದು ಸ್ಯಾಚೆ ಶಾಂಪೂ. ಬಾಳೆ ಎಲೆ ಮೇಣ ಹಚ್ಚಿದ ಹಾಗಿರುತ್ತದಲ್ವಾ, ಶಾಂಪೂ ಇಲ್ಲದಿದ್ದರೆ ಹನಿ ಜಾರಿಬಿಡುತ್ತದೆ. ನಿಂಬೆ ನಮ್ಮ ಗಡಸು ನೀರಿಗೆ ಒಳ್ಳೆಯದು. ಐದನೇ ತಿಂಗಳಿನಿಂದ ತಿಂಗಳಿಗೊಮ್ಮೆ ಸಾಕು.

ಇಲ್ಲಿ ಒಲೆ ಬೂದಿಯ ಮಾತೂ ಹೇಳಿಬಿಡುತ್ತೇನೆ. ಬೂದಿಯಲ್ಲಿ ಪೊಟ್ಯಾಶ್ ಇರುವುದು ನಿಜ. ಆದರೆ ಅದು ಕ್ಷಾರ. ಹೊಸ ಎಲೆ ಬಿಳಚಿರುವ ಗಿಡಕ್ಕೆ ಬುಟ್ಟಿಗಟ್ಟಲೆ ಬೂದಿ ಹಾಕಿದರೆ ಇನ್ನೂ ಬಿಳಚುತ್ತದೆ.

ಏಲಕ್ಕಿ ಬಾಳೆ ಎಲೆಗಳು ತೊಟ್ಟು ಮುರಿದು ಕಾಂಡದ ಸುತ್ತ ಜೋತುಬಿದ್ದಿವೆ. ನೀರು ಕೊಟ್ಟರೂ ಚೇತರಿಸ್ತಿಲ್ಲ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಇದು ಬಹುತೇಕ ಪನಾಮ ಸೊರಗು ರೋಗ. ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ಗಿಡದ ನೀರು ಹರಿಯುವ ನಾಳಗಳನ್ನೇ ಕಟ್ಟಿಹಾಕುತ್ತದೆ. ನೀವು ಎಷ್ಟು ನೀರು ಬಿಟ್ಟರೂ ಮೇಲಕ್ಕೆ ಹೋಗುವುದಿಲ್ಲ.

ಮೊದಲು ಕೆಳಗಿನ ಎಲೆಯ ಅಂಚು ಹಳದಿಯಾಗಿ, ಹಳದಿ ನಡುನರದ ಕಡೆಗೆ ಹಬ್ಬುತ್ತದೆ. ಆಮೇಲೆ ತೊಟ್ಟು ಕಾಂಡದ ಹತ್ತಿರವೇ ಮಡಿಸಿ, ಎಲೆಗಳು ಲಂಗದ ಹಾಗೆ ಸುತ್ತ ನೇತಾಡುತ್ತವೆ. ಸುಳಿ ಮಾತ್ರ ಸ್ವಲ್ಪ ದಿನ ನೆಟ್ಟಗೆ ನಿಂತಿರುತ್ತದೆ. ಎಷ್ಟೋ ಸಲ ಕಾಂಡದ ಬುಡ ಉದ್ದಕ್ಕೆ ಸೀಳುತ್ತದೆ.

ಖಾತ್ರಿ ಮಾಡಿಕೊಳ್ಳಬೇಕಾದರೆ ಕೊಯ್ದು ನೋಡಬೇಕು. ನಮ್ಮ ಮೊದಲ ಏಲಕ್ಕಿ ಬುಡ ಹೀಗಾದಾಗ ಕುಡುಗೋಲಿನಲ್ಲಿ ಬುಡದಿಂದ ಒಂದಡಿ ಮೇಲೆ ಅಡ್ಡಕ್ಕೆ ಕೊಯ್ದೆ. ಒಳ್ಳೆ ಬಾಳೆ ಕೊಯ್ದರೆ ಕಾಂಡದ ಪದರಗಳು, ಅಂದರೆ ಪಟ್ಟೆಗಳು, ಬೆಳ್ಳಗಿದ್ದು ನೀರು ತೊಟ್ಟಿಕ್ಕುತ್ತದೆ. ಇದರಲ್ಲಿ ಹೊರಗಿನ ಪಟ್ಟೆಗಳಲ್ಲಿ ಟೀ ಡಿಕಾಕ್ಷನ್ ಬಣ್ಣದ ಚುಕ್ಕೆಗಳು ಉಂಗುರದ ಹಾಗೆ ಸಾಲಾಗಿದ್ದವು. ಒಂದು ಪಟ್ಟೆ ಉದ್ದಕ್ಕೆ ಸೀಳಿದರೆ ಅದೇ ಚುಕ್ಕೆಗಳು ಕೆಂಗಂದು ದಾರಗಳಾಗಿ ಗಡ್ಡೆಯವರೆಗೂ ಇಳಿದಿದ್ದವು. ಕೆಟ್ಟ ವಾಸನೆ ಇರಲಿಲ್ಲ. ಅದೂ ಒಂದು ಗುರುತು. ಗಡ್ಡೆ ಮೆತ್ತಗಾಗಿ ಗಬ್ಬು ನಾತ ಹೊಡೆದರೆ ಅದು ಬ್ಯಾಕ್ಟೀರಿಯಾದ ಗಡ್ಡೆ ಕೊಳೆ, ಬೇರೆ ಕಾಯಿಲೆ. ನೀರು ನಿಲ್ಲುವ ಜಾಗದಲ್ಲಿ, ಕೆರೆಗೋಡು ದಪ್ಪಗೆ ಹಾಕಿದ ಪಾತಿಯಲ್ಲಿ ಬರುತ್ತದೆ. ನೀರು ಬಸಿದುಹೋಗುವ ಹಾಗೆ ಮಾಡಿದರೆ ಪಕ್ಕದ ಗಿಡಗಳಾದರೂ ಉಳಿಯುತ್ತವೆ.

ಪನಾಮಕ್ಕೆ ಮದ್ದಿಲ್ಲ. ಅಂಗಡಿಯಲ್ಲಿ ಏನೇ ಕೊಟ್ಟರೂ ಕಾಯಿಲೆ ಬಿದ್ದ ಗಿಡ ವಾಸಿಯಾಗುವುದಿಲ್ಲ. ಇಡೀ ಬುಡವನ್ನು ಗಡ್ಡೆ ಸಮೇತ ತೆಗೆಯಿರಿ. ಅಲ್ಲೇ ಒಣಗಿಸಿ ಸುಡಿ. ಎಳೆದುಕೊಂಡು ಹಿತ್ತಲೆಲ್ಲ ಸುತ್ತಿಸಬೇಡಿ, ಗೊಬ್ಬರದ ಗುಂಡಿಗೆ ಹಾಕಲೇಬೇಡಿ. ಗಿಡ ಕಿತ್ತ ಗುಂಡಿಗೆ ಒಂದೆರಡು ಕೆಜಿ ಸುಣ್ಣ ಹಾಕಿ. ಗುದ್ದಲಿ, ಕುಡುಗೋಲು, ಚಪ್ಪಲಿಗೆ ಅಂಟಿದ ಮಣ್ಣು ತೊಳೆಯಿರಿ. ಆ ಪಾತಿಯ ನೀರು ಪಕ್ಕದ ಪಾತಿಗೆ ಹರಿಯಬಾರದು.

ನಮ್ಮ ಹಿತ್ತಲಿಗೆ ಅದು ಬಂದದ್ದು ಕಂದಿನ, ಅಂದರೆ ನೆಡುವ ಮರಿಯ, ಜೊತೆ. ಪರಿಚಯದವರ ತೋಟದಿಂದ ಪ್ರೀತಿಯಿಂದ ಕೊಟ್ಟ ಕಂದು. ಕೊಟ್ಟವರಿಗೂ ಗೊತ್ತಿರಲಿಲ್ಲ. ಹೊರಗೆ ಏನೂ ಕಾಣದ ಕಂದಿನಲ್ಲೂ ರೋಗ ಇರುತ್ತದೆ.

ಅದೇ ಜಾಗದಲ್ಲಿ ಮತ್ತೆ ಏಲಕ್ಕಿ ನೆಡಬಹುದಾ?

ಬೇಡ. ಈ ಶಿಲೀಂಧ್ರ ಬಾಳೆ ಇಲ್ಲದಿದ್ದರೂ ದಶಕಗಟ್ಟಲೆ ಮಣ್ಣಿನಲ್ಲಿ ಬದುಕಿರುತ್ತದೆ. ಏಲಕ್ಕಿ, ರಸಬಾಳೆ ಎರಡಕ್ಕೂ ಇದು ತಗಲುತ್ತದೆ. ನಂಜನಗೂಡು ರಸಬಾಳೆ ಅಪರೂಪವಾಗೋಕೆ ದೊಡ್ಡ ಕಾರಣ ಇದೇ ರೋಗ. ಮಧ್ಯ ಅಮೆರಿಕದಲ್ಲಿ ಗ್ರೋ ಮಿಶೆಲ್ ಅನ್ನೋ ತಳಿಯ ರಫ್ತು ವ್ಯಾಪಾರವನ್ನೇ ಇದು ಮುಗಿಸಿತು. 1960ರ ದಶಕದ ಹೊತ್ತಿಗೆ ಅಲ್ಲೆಲ್ಲ ಕ್ಯಾವೆಂಡಿಶ್ ಬಂತು. ನಮ್ಮ ಪಚ್ಚಬಾಳೆ, ಜಿ9 ಅದೇ ಗುಂಪಿನವು. ನಮ್ಮ ಕಡೆಯ ಸಾಮಾನ್ಯ ಪನಾಮವನ್ನು ಅವು ತಡೆಯುತ್ತವೆ. ಹಾಗಾಗಿ ಆ ಗುಂಡಿಗೆ ಪಚ್ಚಬಾಳೆ ನೆಡಿ. ಇಲ್ಲಾ ನುಗ್ಗೆ, ಪಪ್ಪಾಯಿ ಏನಾದರೂ ಹಾಕಿ. ಏಲಕ್ಕಿ ಬೇಕೇ ಬೇಕು ಅಂದರೆ ಹಿತ್ತಲಿನ ಇನ್ನೊಂದು ಮೂಲೆ, ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಸಸಿ, ನೆಡುವಾಗಲೇ ಟ್ರೈಕೋಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರ ಬೆರೆಸಿದ ಕೊಟ್ಟಿಗೆ ಗೊಬ್ಬರ. ನಾನು ಹಾಗೇ ಮಾಡಿದ್ದು. ಈಗಿರುವ ಮೂರು ಬುಡ ಹಾಗೆ ಬಂದವು.

ಸೊರಗು ಬಂದ ಗಿಡದ ಹಣ್ಣು ತಿನ್ನಬಹುದಾ?

ತಿನ್ನಬಹುದು. ಬಾಳೆಯ ಈ ರೋಗ ಮನುಷ್ಯರಿಗೆ ಬರುವುದಿಲ್ಲ. ರುಚಿ ಮಾತ್ರ ಸಪ್ಪೆ ಇರಬಹುದು.

ಕಾಂಡದಲ್ಲಿ ಸಣ್ಣ ತೂತು, ಅದರಿಂದ ಅಂಟು ಸುರೀತಿದೆ.

ಕಾಂಡ ಕೊರೆಯುವ ಮೂತಿಹುಳು. ಸಾಮಾನ್ಯವಾಗಿ ಐದು ತಿಂಗಳು ದಾಟಿದ ಗಿಡಕ್ಕೆ ಬರುತ್ತದೆ. ಮೊದಲು ಗುಂಡುಸೂಜಿ ಚುಚ್ಚಿದಷ್ಟು ತೂತು, ಗಂಜಿಯಂಥ ಅಂಟು. ಒಳಗೆ ಕಾಲಿಲ್ಲದ ಬಿಳಿ ಮರಿಹುಳು ಕಾಂಡ ತಿಂದು ಸುರಂಗ ಮಾಡುತ್ತದೆ. ಗೊನೆಯ ಭಾರಕ್ಕೆ ಗಿಡ ನಡುವಿನಲ್ಲೇ ಮುರಿಯುತ್ತದೆ.

ಒಣಗಿದ ಪಟ್ಟೆಗಳ ಸಂದಿಯಲ್ಲಿ ದೊಡ್ಡ ಹುಳು ಅಡಗಿರುತ್ತದೆ. ಅವನ್ನು ಬಿಡಿಸಿ ತೆಗೆಯುತ್ತಿರಿ. ಗೊನೆ ಕಡಿದ ಗಿಡವನ್ನು ಹಾಗೇ ನಿಲ್ಲಿಸಬೇಡಿ. ಅದೇ ಇವುಗಳ ತೊಟ್ಟಿಲು. ಹುಳು ಹಿಡಿಯುವ ಬಲೆಯೂ ಮನೆಯಲ್ಲೇ ಸಿಗುತ್ತದೆ. ಗೊನೆ ಕಡಿದ ಒಳ್ಳೆ ಕಾಂಡದ ಒಂದೂವರೆ ಅಡಿ ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಕೊಯ್ದ ಮುಖ ಕೆಳಗಾಗಿ ಬುಡದ ಹತ್ತಿರ ಇಡಿ. ವಾಸನೆಗೆ ಹುಳು ರಾತ್ರಿ ಬಂದು ಸೇರುತ್ತವೆ. ಬೆಳಿಗ್ಗೆ ಎತ್ತಿ ನೋಡಿ. ಕಪ್ಪಗೆ, ಉದ್ದ ಮೂತಿ, ಮುಟ್ಟಿದರೆ ಕಾಲು ಮಡಿಸಿ ಸತ್ತ ಹಾಗೆ ಬೀಳುತ್ತವೆ. ಸತ್ತಿವೆ ಅಂತ ಬಿಟ್ಟು ಬರಬೇಡಿ. ಆರಿಸಿ ಸೋಪುನೀರಿನ ಡಬ್ಬಿಗೆ ಹಾಕಿ. ಹೋಳು ಕೊಳೆತಂತೆ ಹೊಸದು ಇಡಿ. ಗಡ್ಡೆ ಕೊರೆಯುವ ಮೂತಿಹುಳುವೂ ಇದಕ್ಕೇ ಬೀಳುತ್ತದೆ.

ಕಾಂಡಕ್ಕೆ ವಿಷದ ಇಂಜೆಕ್ಷನ್ ಕೊಡಿ ಅಂತ ಕೆಲವರು ಹೇಳುತ್ತಾರೆ. ಹಿತ್ತಲ ಬಾಳೆಗೆ ದಯವಿಟ್ಟು ಬೇಡ. ನಾವು ಎಲೆಯಲ್ಲಿ ಉಣ್ಣುತ್ತೇವೆ, ದಿಂಡಿನ ಪಲ್ಯ ಮಾಡುತ್ತೇವೆ, ಹೂವಿನ ವಡೆ ಮಾಡುತ್ತೇವೆ. ಬಾಳೆಯಲ್ಲಿ ಅಡುಗೆಮನೆಗೆ ಬಾರದ ಭಾಗ ಯಾವುದಿದೆ ಹೇಳಿ?

ಗೊನೆ ಸಮೇತ ಗಿಡ ಉರುಳಿಬಿತ್ತು. ಗಾಳಿಯಾ, ರೋಗಾನಾ?

ಬಿದ್ದ ಗಿಡವನ್ನು ಎಸೆಯೋ ಮೊದಲು ಬುಡ ನೋಡಿ. ನಡುವೆ ಮುರಿದಿದ್ದರೆ ಮೇಲೆ ಹೇಳಿದ ಕಾಂಡದ ಹುಳು. ಗಡ್ಡೆ ನೆಲದಲ್ಲೇ ಉಳಿದು ಕಾಂಡ ಕಿತ್ತು ಬಂದಿದ್ದರೆ, ಗಡ್ಡೆಯಲ್ಲಿ ಕಪ್ಪು ಸುರಂಗಗಳಿದ್ದರೆ ಗಡ್ಡೆ ಹುಳು. ಬೇರು ಸಮೇತ ಪೂರ್ತಿ ಎದ್ದುಬಂದಿದ್ದರೆ ಬೇರನ್ನು ಉಗುರಿನಿಂದ ಸೀಳಿ. ಒಳಗೆ ಬೆಳ್ಳಗಿದ್ದರೆ ಬರೀ ಗಾಳಿ. ಬೇರು ಮೋಟಾಗಿ, ಒಳಗೆ ಕೆಂಗಂದು ಕಲೆಗಳಿದ್ದರೆ ಬೇರಿನ ಜಂತುಹುಳು (ನೆಮಟೋಡ್). ಮುಂದಿನ ಬಾಳೆಗೆ ಬುಡಕ್ಕೆ ಬೇವಿನ ಹಿಂಡಿ ಹಾಕಿ, ಸುತ್ತ ಚೆಂಡುಹೂವು ನೆಡಿ. ಚೆಂಡುಹೂವಿನ ಬೇರು ಜಂತುಹುಳುವನ್ನು ಕಡಿಮೆ ಮಾಡುತ್ತದೆ, ದಸರಾಕ್ಕೆ ಹೂವೂ ಆಯಿತು. ಕಂದು ನೆಡುವಾಗ ಬೇರೆಲ್ಲ ಸವರಿ ಗಡ್ಡೆಯ ಮೇಲಿನ ಸಿಪ್ಪೆ ತೆಳ್ಳಗೆ ಹೆರೆಯಿರಿ. ಬೆಳ್ಳಗಿದ್ದರೆ ನೆಡಿ, ಕಂದು ಕಲೆ ಕಂಡರೆ ಬಿಸಾಕಿ.

ಗಾಳಿಗೆ ಬಿದ್ದದ್ದಾದರೆ ಮುಂದಿನ ಸಲ ಗೊನೆ ಬಗ್ಗಿದ ದಿನವೇ ಎರಡು ಬಿದಿರನ್ನು ಕತ್ತರಿಯ ಹಾಗೆ ಕಟ್ಟಿ ಆಸರೆ ಕೊಡಿ. ಏಪ್ರಿಲ್, ಮೇ ತಿಂಗಳ ಬಿರುಮಳೆ ಹೇಳಿ ಕೇಳಿ ಬರುವುದಿಲ್ಲ.

ಎಲೆಯೆಲ್ಲ ಹರಿದು ಚಿಂದಿಯಾಗಿದೆ.

ಆಷಾಢದ ಗಾಳಿ. ರೋಗವಲ್ಲ. ಹಸಿರಾಗಿದ್ದರೆ ಹರಿದ ಎಲೆಯೂ ಕೆಲಸ ಮಾಡುತ್ತದೆ.

ಎಲೆ ಮೇಲೆ ಕಂದು ಚುಕ್ಕೆ ಬಂದಿದೆ.

ಮಳೆಗಾಲದಲ್ಲಿ ಸಿಗಟೋಕ ಎಲೆಚುಕ್ಕೆ ರೋಗ. ಮೊದಲು ಸಣ್ಣ ಹಳದಿ ಗೀರು. ಆಮೇಲೆ ಕದಿರಿನ ಆಕಾರದ ಕಂದು ಚುಕ್ಕೆ, ನಡುವೆ ಬೂದು, ಸುತ್ತ ಹಳದಿ. ಚುಕ್ಕೆಗಳು ಕೂಡಿಕೊಂಡು ಎಲೆ ಒಣಗುತ್ತದೆ. ಕಾರಣ ದಟ್ಟಣೆ. ಒಂದೇ ಬುಡದಲ್ಲಿ ಹತ್ತು ಮರಿ ಬಿಟ್ಟರೆ ಎಲೆ ಒಣಗಲು ಗಾಳಿಯೇ ಆಡುವುದಿಲ್ಲ. ಮರಿ ತೆಗೆಯಿರಿ, ಚುಕ್ಕೆ ಜಾಸ್ತಿಯಿರುವ ಎಲೆ ಕೊಯ್ದು ಸುಡಿ. ನಮ್ಮ ಒಣ ಹವೆಗೆ ಬಹಳ ಸಲ ಅಷ್ಟೇ ಸಾಕು. ಹತೋಟಿಗೆ ಬರದಿದ್ದರೆ ಪ್ರೊಪಿಕೊನಜೋಲ್ ಅನ್ನೋ ಶಿಲೀಂಧ್ರನಾಶಕ ಲೀಟರಿಗೆ 1 ಮಿಲಿ, ಎಲೆಗೆ ಹಿಡಿಯೋಕೆ ಅಂಟುದ್ರಾವಣ ಸೇರಿಸಿ ಹೊಡೆಯಿರಿ. ಹೊಡೆದ ಎಲೆಯನ್ನು ಊಟಕ್ಕೆ ಕೊಯ್ಯಬೇಡಿ. ಆಮೇಲೆ ಹೊಸದಾಗಿ ಬಿಚ್ಚಿದ ಎಲೆಗಾಗಿ ಕಾಯಿರಿ.

ಗಿಡ ಬೆಳೀತಾನೇ ಇಲ್ಲ. ಎಲೆಗಳೆಲ್ಲ ತುದೀಲಿ ಗುಂಪಾಗಿ ನೆಟ್ಟಗೆ ನಿಂತಿವೆ.

ತುದಿಗೊಂಚಲು ನಂಜುರೋಗ. ಎಲೆ ತೊಟ್ಟನ್ನು, ನಡುನರದ ಪಕ್ಕದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಕಡುಹಸಿರು ಚುಕ್ಕೆ, ಗೀಟು, ಚುಕ್ಕೆ, ಗೀಟು ಹೀಗೆ ಸಾಲು ಕಂಡರೆ ಅದೇ. ಇದು ವೈರಸ್. ಕಪ್ಪು ಸಸ್ಯಹೇನು ಹರಡುತ್ತದೆ, ಕಂದಿನ ಜೊತೆಯೂ ಬರುತ್ತದೆ. ಕತ್ತಿಯಿಂದ ಹರಡುವುದಿಲ್ಲ. ವಾಸಿಯಾಗುವುದಿಲ್ಲ, ಗೊನೆಯೂ ಬರುವುದಿಲ್ಲ. ಮೊದಲು ಬೇವಿನೆಣ್ಣೆ, ಸೋಪುನೀರು ಸಿಂಪಡಿಸಿ ಹೇನು ಕೊಲ್ಲಿ. ಆಮೇಲೆ ಗಡ್ಡೆ ಸಮೇತ ಕೀಳಿ. ಈ ಅನುಕ್ರಮ ಮುಖ್ಯ. ಮೊದಲೇ ಕಡಿದರೆ ಹೇನು ಹಾರಿ ಪಕ್ಕದ ಗಿಡಕ್ಕೆ ಹೋಗುತ್ತದೆ.

ಗೊನೆ ಬಹಳ ಸಣ್ಣದು. ಕೆಲವು ಸಲ ಕಾಂಡದ ಬಾಯಲ್ಲೇ ಸಿಕ್ಕಿಕೊಳ್ಳುತ್ತೆ.

ಮೊದಲ ಕೆಲಸ, ಮರಿ ಎಣಿಸಿ. ಒಂದು ಬುಡದಲ್ಲಿ ತಾಯಿ, ಮಗಳು, ಮೊಮ್ಮಗಳು, ಅಷ್ಟೇ ಇರಬೇಕು. ಕತ್ತಿಯಂಥ ಕಿರಿದಾದ ಎಲೆಯ ಮರಿ ಉಳಿಸಿ, ಅಗಲ ಎಲೆಯ ನೀರುಗಂದು ತೆಗೆಯಿರಿ. ಆಯುಧಪೂಜೆಗೆ ಗಾಡಿಗೆ ಕಟ್ಟಲು ಕಂದು ಬೇಕಲ್ವಾ, ಈ ಲೆಕ್ಕದಲ್ಲೇ ಕಡಿಯಿರಿ.

ಎರಡನೆಯದು, ಎಲೆ. ಯುಗಾದಿ, ಗೌರಿಹಬ್ಬ, ಮನೆಗೆ ನೆಂಟರು ಅಂತ ಒಂದೇ ಗಿಡದಿಂದ ಎಲೆ ಕೊಯ್ದರೆ ಗೊನೆ ತುಂಬೋಕೆ ಶಕ್ತಿ ಎಲ್ಲಿಂದ ಬರಬೇಕು? ಹೂ ಹಾಕುವಾಗ ಎಂಟು ಎಲೆಯಾದರೂ ಇರಬೇಕು. ನಾವು ಒಂದು ಪಚ್ಚಬಾಳೆ ಬುಡವನ್ನು ಎಲೆಗೇ ಅಂತ ಬಿಟ್ಟಿದ್ದೇವೆ. ಉಳಿದವನ್ನು ಮುಟ್ಟುವುದಿಲ್ಲ.

ಗೊನೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಚಳಿಗೆ ಕಾಂಡದ ಬೆಳವಣಿಗೆ ನಿಧಾನವಾಗುತ್ತದೆ. ನೀರಿನ ಕೊರತೆ ಸೇರಿದರೆ ಇನ್ನೂ ಕಷ್ಟ. ಚಳಿಗಾಲದಲ್ಲೂ ನೀರು ತಪ್ಪಿಸಬೇಡಿ. ಸಿಕ್ಕಿಕೊಂಡ ಕಡೆ ಪಟ್ಟೆಯನ್ನು ಉದ್ದಕ್ಕೆ ಹುಷಾರಾಗಿ ಸೀಳಿ ದಾರಿ ಮಾಡಿಕೊಡಬಹುದು.

ಹೂವಿನ ಹತ್ತಿರದ ಸಣ್ಣ ಕಾಯಿ ಉದುರ್ತಿವೆ. ದೊಡ್ಡ ಕಾಯಿ ಸೀಳ್ತಿವೆ.

ಉದುರುತ್ತಿರುವುದು ಗಂಡು ಹೂಗಳು, ಅವು ಕಾಯಿ ಆಗುವುದಿಲ್ಲ. ಕೊನೆ ಚಿಪ್ಪು ಬಿಚ್ಚಿ ಒಂದು ವಾರ ಆದ ಮೇಲೆ ಹೂವನ್ನು ಕಡಿದು ಪಲ್ಯ ಮಾಡಿ. ಕಾಯಿ ಸೀಳುವುದು ಒಣಗಿಸಿ ಒಣಗಿಸಿ ಒಮ್ಮೆಲೇ ನೀರು ಬಿಟ್ಟಾಗ. ಬೇಸಿಗೆಯಲ್ಲಿ ಬೆಳೆದ ಗಿಡಕ್ಕೆ ದಿನಕ್ಕೆ 15ರಿಂದ 20 ಲೀಟರ್ ಬೇಕು. ವಾರಕ್ಕೊಮ್ಮೆ ಟ್ಯಾಂಕರ್ ಬಂದಾಗ ಕೊಡುವ ಬದಲು ದಿನಾ ಸ್ವಲ್ಪ ಕೊಡಿ, ಬುಡಕ್ಕೆ ಒಣ ಎಲೆ ದಪ್ಪಗೆ ಹೊದಿಸಿ.

ಕೋಳಿಗೊಬ್ಬರ ಸುಲಭವಾಗಿ ಸಿಗುತ್ತೆ. ಹಾಕಬಹುದಾ?

ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಮೂರು ತಿಂಗಳು ಕಳಿತ ಮೇಲೆ ಹಾಕಿ.

ಕೋತಿ ಕಾಟಕ್ಕೆ ಏನು ಮಾಡೋದು?

ಅಂತರಗಂಗೆ ಬೆಟ್ಟದ ಕೆಳಗಿನ ಬೀದಿಗಳವರು ಇದನ್ನು ತಪ್ಪದೆ ಕೇಳುತ್ತಾರೆ. ಗೊನೆಗೆ ಒಣ ಬಾಳೆಎಲೆ ಸುತ್ತಿದರೆ ಅಳಿಲು, ಬಾವಲಿಗೆ ತಡೆಯಾಗುತ್ತದೆ. ಕೋತಿಗೆ ಅಲ್ಲ. ಕಾಯಿಯ ಏಣುಗಳು ಮಾಯವಾಗಿ ದುಂಡಗಾಗುತ್ತಿದ್ದಂತೆ, ಹಣ್ಣಾಗುವುದಕ್ಕೆ ಕಾಯದೆ ಕಡಿದು ಒಳಗೆ ತೂಗುಹಾಕಿ.

ಇಷ್ಟೆಲ್ಲ ನೋಡಿದರೂ ಗೊತ್ತಾಗಲಿಲ್ಲ. ಯಾರಿಗೆ ತೋರಿಸಲಿ?

ಕೋಲಾರದವರಿಗೆ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ ಮತ್ತು ತೋಟಗಾರಿಕೆ ಕಾಲೇಜು ಇದೆ. ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರಿನಲ್ಲಿ, ತುಮಕೂರಿನವರಿಗೆ ಹಿರೇಹಳ್ಳಿಯಲ್ಲಿ, ತಿಪಟೂರು ಕಡೆಯವರಿಗೆ ಕೊನೆಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬರೀ ಒಣಗಿದ ಎಲೆ ತೆಗೆದುಕೊಂಡು ಹೋಗಬೇಡಿ. ಇಡೀ ಗಿಡದ ಒಂದು ಫೋಟೋ, ಆಗಷ್ಟೇ ಕೆಡಲು ಶುರುವಾದ ಎಲೆಯ ತುಂಡು, ಅಡ್ಡಕ್ಕೆ ಕೊಯ್ದ ಕಾಂಡದ ಫೋಟೋ, ನಾಲ್ಕೈದು ಬೇರು, ಗಿಡಕ್ಕೆ ಬಿಡುವ ನೀರು ಒಂದು ಬಾಟಲಿ ಇಷ್ಟು ಇರಲಿ. ಸೊರಗು ರೋಗದ ಅನುಮಾನವಿದ್ದರೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ. ಆ ಮಣ್ಣು ದಾರಿಯಲ್ಲಿ ಇನ್ನೊಬ್ಬರ ತೋಟಕ್ಕೆ ಬೀಳಬಾರದು.